ರಕ್ತದೊತ್ತಡದ ಮಾತ್ರೆ ಮತ್ತು ಮರೆವು

ಬಿ.ಪಿ. ಮಾತ್ರೆಯಿಂದಲೇ ಮರೆವು ಬರುತ್ತದೆಂಬ ಅಂಜಿಕೆಯಿಂದ ಹಿರಿಯರು ಕೆಲವರು ಮಾತ್ರೆ ಬಿಡುವುದುಂಟು. ವಾಸ್ತವ ಇದಕ್ಕೆ ವ್ಯತಿರಿಕ್ತ. ಹತೋಟಿ ತಪ್ಪಿದ ಒತ್ತಡವು ಮಿದುಳಿನ ಸೂಕ್ಷ್ಮ ರಕ್ತನಾಳಗಳನ್ನು ವರ್ಷಾನುಗಟ್ಟಲೆ ಕೆಡಿಸುತ್ತದೆ. ಪಾರ್ಶ್ವವಾಯುವಿಗೂ ಮರೆವಿಗೂ ಅದು ದಾರಿ. ಚೀನಾದ 326 ಹಳ್ಳಿಗಳಲ್ಲಿ ನಡೆದು 2025ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 4 ವರ್ಷ ಒತ್ತಡವನ್ನು ಬಿಗಿಯಾಗಿ ತಗ್ಗಿಸಿದ ಹಳ್ಳಿಗಳಲ್ಲಿ ಮರೆವಿನ ಕಾಯಿಲೆಯ ಅಪಾಯ ಶೇ. 15ರಷ್ಟು ಕಡಿಮೆಯಿತ್ತು. ಅಲ್ಲಿ ಮುಂದಾಳತ್ವ ವಹಿಸಿದವರು ದೊಡ್ಡಾಸ್ಪತ್ರೆಯ ತಜ್ಞರಲ್ಲ, ಗ್ರಾಮವೈದ್ಯರು. ನೆರೆಯ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿಯೂ ಬೆಂಗಳೂರಿನ ಮಿದುಳು ಸಂಶೋಧನಾ ಕೇಂದ್ರವು ಗ್ರಾಮೀಣ ಹಿರಿಯರ ಮರೆವಿನ ಕಾರಣಗಳನ್ನು ಅಭ್ಯಸಿಸುತ್ತಿದೆ.

ಮಾತ್ರೆ ಸೇವಿಸುವ ಕೆಲವರಿಗೆ ಎದ್ದು ನಿಂತಾಗ ತಲೆಸುತ್ತು ಬರುವುದು ನಿಜ. ಆಗ ಪ್ರಮಾಣ ಬದಲಿಸಬೇಕಾದವರು ವೈದ್ಯರು. ಮನೆಯಲ್ಲೇ ಮಾತ್ರೆ ನಿಲ್ಲಿಸತಕ್ಕದ್ದಲ್ಲ. ಸದಸ್ಯರು ತಮ್ಮ ವಾರ್ಡಿನಲ್ಲಿ ಮಾತ್ರೆ ಬಿಟ್ಟವರನ್ನು ಆಶಾ ಕಾರ್ಯಕರ್ತೆಯರ ನೆರವಿನಿಂದ ಗುರುತಿಸಿ ಆಯುಷ್ಮಾನ್ ಆರೋಗ್ಯ ಮಂದಿರಕ್ಕೆ ಕಳುಹಿಸುವುದು. ಅಲ್ಲಿ ಮಾತ್ರೆಯ ದಾಸ್ತಾನು ಇಲ್ಲದಿದ್ದಲ್ಲಿ ತಾಲ್ಲೂಕು ಆರೋಗ್ಯಾಧಿಕಾರಿಗಳಿಗೆ ಕೂಡಲೇ ತಿಳಿಸುವುದು.