ನಾಲ್ಕನೇ ತರಗತಿಗೂ ಬೇಕು ನಲಿ-ಕಲಿಯ ಏಣಿ

ಕಲಿಕೆ ಸುಧಾರಿಸುವ ಮಾತು ಬಂದಾಗಲೆಲ್ಲ ಸ್ಮಾರ್ಟ್ ಟಿ.ವಿ., ಟ್ಯಾಬ್, ಆ್ಯಪ್‌ಗಳ ಕಡೆಗೇ ಗಮನ ಹೋಗುತ್ತದೆ. ಅವು ಬೇಡವೆಂದಲ್ಲ. ಆದರೆ ನಾಲ್ಕನೇ ತರಗತಿಗೆ ಬಂದ ಮಗು ಇನ್ನೂ ಒತ್ತಕ್ಷರದ ಮುಂದೆ ತಡವರಿಸಿ ನಿಲ್ಲುತ್ತಿದ್ದರೆ ಪರದೆ ಎಷ್ಟು ದೊಡ್ಡದಿದ್ದರೂ ಪ್ರಯೋಜನವಿಲ್ಲ.

ಇದಕ್ಕೆ ಮದ್ದು ನಮ್ಮ ಮೈಸೂರು ಜಿಲ್ಲೆಯಲ್ಲೇ ಹುಟ್ಟಿದೆ. ಆಂಧ್ರದ ರಿಷಿ ವ್ಯಾಲಿಯಲ್ಲಿ ಮಕ್ಕಳು ಕಾರ್ಡುಗಳನ್ನು ಹಿಡಿದು ತಂತಮ್ಮ ವೇಗದಲ್ಲಿ ಕಲಿಯುವುದನ್ನು ನೋಡಿಬಂದ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು, 1995ರಲ್ಲಿ ಯುನಿಸೆಫ್ ನೆರವಿನೊಂದಿಗೆ ಅದನ್ನು ಕನ್ನಡಕ್ಕೆ ಒಗ್ಗಿಸಿದರು. ಅದೇ ನಲಿ-ಕಲಿ. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹಬ್ಬಿತು. ಆದರೆ ಮೂರನೇ ತರಗತಿಗೆ ನಿಂತುಬಿಡುತ್ತದೆ. ಕಲಿಕೆಯ ಹಂತಗಳನ್ನು ಮೆಟ್ಟಿಲುಗಳಂತೆ ಜೋಡಿಸಿದ ಅದರ ಏಣಿಯ ನಡುವೆ ಇದ್ದ ಮಗು ಜೂನ್ ತಿಂಗಳಲ್ಲಿ ಒಮ್ಮೆಲೇ ನಾಲ್ಕನೇ ತರಗತಿಯ ಪಠ್ಯಪುಸ್ತಕದ ಎದುರು ಕೂರಬೇಕಾಗುತ್ತದೆ. ಆ ಏಣಿಯನ್ನು ನಾಲ್ಕು, ಐದನೇ ತರಗತಿಗೂ ಮುಂದುವರಿಸುವ ಕ್ರಮವೊಂದು ಇಲ್ಲಿದೆ. ನಂಜನಗೂಡು ಬಳಿಯ ಕಳಲೆಯ ಸುತ್ತಮುತ್ತಲಿನ ಶಾಲೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಬೇರೆ ಊರಿನವರು ತಮ್ಮ ಊರಿನ ವಿಷಯಗಳನ್ನು ಹಾಕಿಕೊಳ್ಳಬಹುದು.

ಮೊದಲು ಒಬ್ಬೊಬ್ಬರ ಓದನ್ನು ಕೇಳಿ

ಇಡೀ ತರಗತಿ ಒಟ್ಟಾಗಿ ಓದುವಾಗ ಯಾರಿಗೆ ಬರುತ್ತದೆ, ಯಾರಿಗೆ ಬರುವುದಿಲ್ಲ ಎಂದು ಗೊತ್ತಾಗುವುದಿಲ್ಲ. ಆದ್ದರಿಂದ ಮಕ್ಕಳನ್ನು ಒಬ್ಬೊಬ್ಬರಾಗಿ ಪಕ್ಕಕ್ಕೆ ಕರೆದು ಕೂರಿಸಿಕೊಳ್ಳಿ. ಒಂದು ಹಾಳೆಯಲ್ಲಿ ಬಿಡಿ ಅಕ್ಷರಗಳು, ಇನ್ನೊಂದರಲ್ಲಿ ಸರಳ ಪದಗಳು, ಮತ್ತೊಂದರಲ್ಲಿ ನಾಲ್ಕು ವಾಕ್ಯಗಳು, ಕೊನೆಯದರಲ್ಲಿ ಪುಟ್ಟ ಕಥೆ ಇರಲಿ. ‘ಪ್ರಥಮ್’ ಸಂಸ್ಥೆಯವರು 2005ರಿಂದ ನಡೆಸುತ್ತಿರುವ ‘ಅಸರ್’ ಸಮೀಕ್ಷೆಯ ಓದಿನ ಪರೀಕ್ಷೆಯೂ ಈ ನಾಲ್ಕು ಹಂತಗಳದ್ದೇ. ಒಂದು ಮಗುವಿಗೆ ಐದು ನಿಮಿಷ ಸಾಕು.

ಪಠ್ಯಪುಸ್ತಕದ ಪಾಠವನ್ನು ಮಾತ್ರ ಕೊಡಬೇಡಿ. ಎಷ್ಟೋ ಮಕ್ಕಳಿಗೆ ಪಾಠ ಬಾಯಿಪಾಠವಾಗಿರುತ್ತದೆ. ಬೆರಳು ಒಂದು ಸಾಲಿನ ಮೇಲೆ, ಬಾಯಿ ಇನ್ನೊಂದು ಸಾಲಿನ ಮೇಲೆ ಓಡುತ್ತಿರುತ್ತದೆ. ಮಗು ನೋಡಿರದ ಬರಹ ಕೊಡಿ, ಕೊನೆಯ ಸಾಲಿನಿಂದ ಓದಿಸಿ. ಎಡವಿದ್ದು ಎಲ್ಲಿ ಎಂದು ಬರೆದುಕೊಳ್ಳಿ: ಕಾಗುಣಿತದಲ್ಲೋ, ಒತ್ತಕ್ಷರದಲ್ಲೋ, ಅಥವಾ ಪ-ಷ, ಮ-ಯ ನಡುವಿನ ಗೊಂದಲವೋ? ‘ಓದು ಬರುವುದಿಲ್ಲ’ ಎಂದು ಬರೆದರೆ ಮುಂದೇನು ಮಾಡಬೇಕೆಂದು ತಿಳಿಯುವುದಿಲ್ಲ. ‘ಕಾಗುಣಿತ ಬರುತ್ತದೆ, ಒತ್ತಕ್ಷರ ಬರುವುದಿಲ್ಲ’ ಎಂದು ಬರೆದರೆ ಮರುದಿನದ ಕೆಲಸ ಸಿದ್ಧವಾದಂತೆ.

ಅಕ್ಷರವೇ ಗಟ್ಟಿಯಾಗಿಲ್ಲದ ಮಗುವನ್ನು ಮತ್ತೆ ಅ ಆ ಇ ಈ ಇಂದ ಆರಂಭಿಸಬೇಡಿ. ನಲಿ-ಕಲಿ ಶುರುವಾಗುವುದು ರ, ಗ, ಸ, ದ, ಅ ಎಂಬ ಐದು ಅಕ್ಷರಗಳಿಂದ. ಇಷ್ಟರಲ್ಲೇ ಸರ, ಅರಸ, ಅಗಸ, ಗರಗಸ ಎಂದು ಓದಿಬಿಡಬಹುದು. ಹತ್ತು ವರ್ಷದ ಮಗುವಿಗೆ ಮೊದಲ ವಾರದಲ್ಲೇ ‘ನನಗೂ ಓದು ಬರುತ್ತದೆ’ ಎನಿಸುವುದು ಬಹಳ ಮುಖ್ಯ.

ದಿನಕ್ಕೊಂದು ಅವಧಿ ತಂಡಗಳಿಗೆ

ಎಲ್ಲ ಅವಧಿಗಳನ್ನೂ ಬದಲಿಸಬೇಕಿಲ್ಲ. ದಿನಕ್ಕೆ ಒಂದೇ ಒಂದು ಅವಧಿಯಲ್ಲಿ ತರಗತಿಯ ಗೆರೆ ಅಳಿಸಿ, ನಾಲ್ಕು-ಐದನೆಯವರನ್ನು ಓದಿನ ಮಟ್ಟಕ್ಕೆ ತಕ್ಕಂತೆ ಕೂರಿಸಿ. ನಲಿ-ಕಲಿಯಲ್ಲಿ ಶಿಕ್ಷಕರ ಪೂರ್ಣ ಸಹಾಯದಿಂದ ಸ್ವಕಲಿಕೆಯವರೆಗೆ ಐದು ತಂಡಗಳಿವೆ. ಇಲ್ಲಿ ಮೂರು ಸಾಕು: ನೀವೇ ಜೊತೆಗೆ ಕೂರುವ ತಂಡ, ಜೋಡಿಯಾಗಿ ಓದುವ ತಂಡ, ತಾವೇ ಓದಿಕೊಳ್ಳುವ ತಂಡ. ತಂಡಗಳಿಗೆ ‘ಜಾಣ’, ‘ದಡ್ಡ’ ಎಂಬ ವಾಸನೆಯೂ ತಾಗಬಾರದು; ಕಪಿಲೆ, ಕಾವೇರಿ, ಗುಂಡ್ಲು ಎಂದು ಹೊಳೆಗಳ ಹೆಸರಿಡಿ. ತಿಂಗಳಿಗೊಮ್ಮೆ ಮತ್ತೆ ಓದಿಸಿ ತಂಡ ಬದಲಿಸಿ. ವರ್ಷವಿಡೀ ಒಂದೇ ತಂಡದಲ್ಲಿ ಕೂತ ಮಗು ತನ್ನ ಮಟ್ಟ ಅಷ್ಟೇ ಎಂದು ನಂಬಿಬಿಡುತ್ತದೆ.

ಕಾರ್ಡು ನಿಮ್ಮೂರಿನದ್ದೇ ಆಗಿರಲಿ

ಹೆಚ್ಚು ಶ್ರಮ ಹಾಕಬೇಕಾದದ್ದು ಇಲ್ಲಿ. ಒಂದೇ ವಿಷಯವನ್ನು ಮೂರು ಮಟ್ಟಕ್ಕೆ ಬರೆಯಿರಿ. ಆಗ ಮೂರೂ ತಂಡಗಳ ಮಕ್ಕಳು ಒಂದೇ ವಿಷಯ ಮಾತಾಡುತ್ತಾರೆ, ಯಾರೂ ಹೊರಗುಳಿಯುವುದಿಲ್ಲ.

ಉದಾಹರಣೆಗೆ ನಂಜನಗೂಡಿನ ಹಳೆಯ ಸೇತುವೆ. ಮೊದಲ ಕಾರ್ಡಿನಲ್ಲಿ ಒಂದು ಚಿತ್ರ, ಪಕ್ಕದಲ್ಲಿ ಪದಗಳು: ಹೊಳೆ, ರೈಲು, ಕಮಾನು, ಸೇತುವೆ. ಎರಡನೆಯದರಲ್ಲಿ ವಾಕ್ಯಗಳು: ‘ಈ ಸೇತುವೆ ಕಪಿಲೆಯ ಮೇಲಿದೆ. ಇದಕ್ಕೆ ಕಮಾನುಗಳಿವೆ. ಹಿಂದೆ ಇದರ ಮೇಲೆ ರೈಲೂ ಓಡುತ್ತಿತ್ತು.’ ಮೂರನೆಯದರಲ್ಲಿ ಒಂದು ಪ್ಯಾರಾ: 1735ರಲ್ಲಿ ಇದನ್ನು ಕಟ್ಟಿಸಿದವರು ದಳವಾಯಿ ದೇವರಾಜ, ಅವರು ಕಳಲೆ ಮನೆತನದವರು, ಮೈಸೂರು ಅರಸರ ಸೇನೆಯ ಹೊಣೆ ಹೊತ್ತವರನ್ನು ದಳವಾಯಿ ಎನ್ನುತ್ತಿದ್ದರು.

ಕಾರ್ಡಿನ ಹಿಂಬದಿಯಲ್ಲಿ ಮೂರು ಪ್ರಶ್ನೆಗಳಿರಲಿ. ಒಂದಕ್ಕೆ ಉತ್ತರ ಬರಹದಲ್ಲೇ ಇರಬೇಕು: ಕಟ್ಟಿಸಿದವರು ಯಾರು? ಇನ್ನೊಂದಕ್ಕೆ ಲೆಕ್ಕ ಹಾಕಬೇಕು: ಸೇತುವೆಗೆ ಈಗ ಎಷ್ಟು ವರ್ಷ? ಮತ್ತೊಂದನ್ನು ಮನೆಯಲ್ಲಿ ಕೇಳಿಕೊಂಡು ಬರಬೇಕು: ನಿಮ್ಮ ಅಜ್ಜಿ-ತಾತ ಆ ರೈಲಿನಲ್ಲಿ ಹೋಗಿದ್ದರೇ? ಕೊನೆಯ ಪ್ರಶ್ನೆಗೆ ಮಕ್ಕಳು ತರುವ ಉತ್ತರಗಳನ್ನು ಅವರದೇ ಮಾತಿನಲ್ಲಿ ಬರೆಸಿ. ಅದೇ ಮುಂದಿನ ಕಾರ್ಡು. ‘ಬಂದವ್ರೆ’, ‘ಹೋಗದೆ’ ಎಂದು ಬರೆದರೆ ಕೆಂಪು ಶಾಯಿ ತೆಗೆಯಬೇಡಿ. ಪಕ್ಕದಲ್ಲಿ ಪುಸ್ತಕದ ರೂಪವನ್ನೂ ಬರೆದು ತೋರಿಸಿ. ಮನೆಮಾತಿಗೆ ಮರ್ಯಾದೆ ಸಿಕ್ಕಿದ ಮಗು ಬರೆಯಲು ಹೆದರುವುದಿಲ್ಲ.

ವಿಷಯಗಳಿಗೆ ಬರವಿಲ್ಲ. ಕಳಲೆಯ ಲಕ್ಷ್ಮೀಕಾಂತ ದೇವಸ್ಥಾನವಿದೆ. ಭೌಗೋಳಿಕ ಸೂಚಕ ಮಾನ್ಯತೆ ಪಡೆದ ನಂಜನಗೂಡು ರಸಬಾಳೆ ಇದೆ. ಸೊರಗು ರೋಗಕ್ಕೆ ಅದು ಹೇಗೆ ನಲುಗಿತು ಎಂಬುದನ್ನು ಬಾಳೆ ಬೆಳೆಯುವವರ ಬಾಯಿಂದಲೇ ಕೇಳಿಸಿದರೆ ವಿಜ್ಞಾನದ ಪಾಠವಾಗುತ್ತದೆ, ಡಜನ್ನಿನ ಬೆಲೆ ಕೇಳಿದರೆ ಗಣಿತವಾಗುತ್ತದೆ. ತಿ. ನರಸೀಪುರದ ಕಡೆಯವರಿಗೆ ಕಾವೇರಿ-ಕಪಿಲೆಯರ ಸಂಗಮವಿದೆ. 2023ರಲ್ಲಿ ಬೇಲೂರು, ಹಳೇಬೀಡುಗಳ ಜೊತೆ ವಿಶ್ವ ಪರಂಪರೆಯ ಪಟ್ಟಿ ಸೇರಿದ ಸೋಮನಾಥಪುರವಿದೆ. ಅಲ್ಲಿನ ದೇವಾಲಯದ ನಕ್ಷತ್ರಾಕಾರದ ಜಗತಿಯ ಮೂಲೆಗಳನ್ನು ಮಕ್ಕಳೇ ಎಣಿಸಿ ಬರೆದುಕೊಂಡರೆ ಕೋನದ ಪಾಠಕ್ಕೆ ಬೇರೆ ಉಪಕರಣವೇ ಬೇಡ.

ಕಾರ್ಡಿಗೆ ಹಳೆಯ ಕ್ಯಾಲೆಂಡರಿನ ಬೆನ್ನು ಅಥವಾ ಮದುವೆ ಕಾಗದದ ರಟ್ಟು ಸಾಕು. ಅಕ್ಷರ ದೊಡ್ಡದಾಗಿ, ಸಾಲುಗಳ ನಡುವೆ ಒತ್ತಕ್ಷರಕ್ಕೆ ಜಾಗ ಬಿಟ್ಟು ಬರೆಯಿರಿ. ಮೇಲೆ ಅಗಲ ಸೆಲ್ಲೋ ಟೇಪ್ ಅಂಟಿಸಿದರೆ ಬೇಗ ಹಾಳಾಗುವುದಿಲ್ಲ.

ಫೋನಿನಿಂದ, ಗ್ರಂಥಾಲಯದಿಂದ

ಪ್ರಥಮ್ ಬುಕ್ಸ್‌ನ ‘ಸ್ಟೋರಿವೀವರ್’ ತಾಣದಲ್ಲಿ ಕನ್ನಡದ ಕಥೆಗಳು ನಾಲ್ಕು ಮಟ್ಟಗಳಲ್ಲಿ ಉಚಿತವಾಗಿವೆ. ಮುಕ್ತ ಪರವಾನಗಿಯಡಿ ಇರುವುದರಿಂದ ಮುದ್ರಿಸಿಕೊಂಡು ತರಗತಿಯಲ್ಲಿ ಹಂಚಲು ತೊಡಕಿಲ್ಲ. ಪಠ್ಯಪುಸ್ತಕದ ಕ್ಯೂಆರ್ ಕೋಡನ್ನು ‘ದೀಕ್ಷಾ’ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿದರೆ ಆಯಾ ಪಾಠದ ಸಾಮಗ್ರಿ ಸಿಗುತ್ತದೆ. ಶಾಲೆಯಲ್ಲಿ ನೆಟ್‌ವರ್ಕ್ ನಂಬಿ ಕೂರಬೇಡಿ. ಹಿಂದಿನ ಸಂಜೆಯೇ ಇಳಿಸಿಟ್ಟುಕೊಳ್ಳಿ.

ಗ್ರಾಮ ಪಂಚಾಯಿತಿ ಗ್ರಂಥಾಲಯವನ್ನು ನಾವು ಮರೆತೇಬಿಡುತ್ತೇವೆ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ಒಂದು ಶನಿವಾರ ಮಕ್ಕಳನ್ನು ಕರೆದೊಯ್ದು ಎಲ್ಲರ ಹೆಸರು ಬರೆಸಿ. ಮುಂದೆ ತಾವೇ ಹೋಗುತ್ತಾರೆ.

ದಾಖಲೆ ಚಿಕ್ಕದಿರಲಿ

ಶಿಕ್ಷಕರಿಗೆ ಈಗಾಗಲೇ ದಾಖಲೆಗಳ ಹೊರೆ ಸಾಕಷ್ಟಿದೆ. ಒಂದೇ ಹಾಳೆ ಸಾಕು: ಎಡಕ್ಕೆ ಮಕ್ಕಳ ಹೆಸರು, ಮೇಲೆ ತಿಂಗಳುಗಳು, ಮನೆಯೊಳಗೆ ಅಕ್ಷರ, ಪದ, ವಾಕ್ಯ, ಕಥೆ ಎಂಬ ನಾಲ್ಕರಲ್ಲಿ ಒಂದು. ಎರಡು ತಿಂಗಳು ಒಂದೇ ಕಡೆ ನಿಂತ ಮಗುವಿನ ಕಣ್ಣು, ಕಿವಿ ತಪಾಸಣೆ ಮಾಡಿಸಿ. ಎಸ್‌ಡಿಎಂಸಿ ಸಭೆಗೆ ಬಂದ ಪೋಷಕರ ಜೊತೆ ಹಾಜರಾತಿಯ ಬಗ್ಗೆ ಮಾತಾಡಿ.

ಮಾಡಿದ ಕಾರ್ಡುಗಳನ್ನು ಕ್ಲಸ್ಟರ್ ಸಭೆಗೆ ಒಯ್ದು ಪಕ್ಕದ ಶಾಲೆಯವರ ಜೊತೆ ಬದಲಾಯಿಸಿಕೊಳ್ಳಿ. ಕಾರ್ಡುಗಳ ಸಂಖ್ಯೆಯನ್ನು ಶಾಲೆಯ ದಾಸ್ತಾನು ಪುಸ್ತಕದಲ್ಲಿ ಬರೆದಿಡಿ. ವರ್ಗಾವಣೆಯಾದಾಗ ಅವು ಬೀರುವಿನ ಹಿಂದೆ ಬಿದ್ದು ಕಳೆದುಹೋಗದೆ, ಮುಂದೆ ಬರುವ ಮೇಷ್ಟ್ರಿಗೋ ಮೇಡಂಗೋ ಮಕ್ಕಳ ಹಾಳೆಯ ಜೊತೆಗೇ ಸಿಗುತ್ತವೆ.