ಸ್ಟಾಪ್‌ವಾಚ್ ನಂಬಿ ನಾವು ಮಾಡಿದ ತಪ್ಪು

ಹೋದ ವರ್ಷ ನಮ್ಮ ಬ್ರಾಂಚ್ ಫುಟ್‌ಬಾಲ್ ಟೀಮ್ ಸೆಲೆಕ್ಷನ್‌ನಲ್ಲಿ ಆಲೂರು ಕಡೆಯ ಒಬ್ಬ ಫ್ರೆಂಡನ್ನ ನಾವೇ ಹೊರಗಿಟ್ಟೆವು. 30 ಮೀಟರ್ ಓಟಕ್ಕೆ ಅವನು 4.6 ಸೆಕೆಂಡ್ ತಗೊಂಡ, ಇನ್ನೊಬ್ಬ 4.4. ಅಷ್ಟೇ ಕಾರಣ. ಒಂದೊಂದು ಓಟಕ್ಕೆ ಒಬ್ಬೊಬ್ಬರು ಮೊಬೈಲ್ ಸ್ಟಾಪ್‌ವಾಚ್ ಒತ್ತಿದ್ದು ಆಗ ಯಾರಿಗೂ ತಪ್ಪು ಅನ್ನಿಸಲಿಲ್ಲ.

ಲ್ಯಾಬ್‌ನಲ್ಲಿ ಲೀಸ್ಟ್ ಕೌಂಟ್ ಬರೆಯದಿದ್ರೆ ಮಾರ್ಕ್ಸ್ ಕಟ್ ಆಗುತ್ತೆ, ಆದರೆ ಗ್ರೌಂಡಲ್ಲಿ ಅದನ್ನ ಮರೆತೇಬಿಟ್ಟಿದ್ದೆವು. ಕಣ್ಣು ನೋಡಿ ಬೆರಳು ಒತ್ತುವುದಕ್ಕೆ ಸುಮಾರು 0.2 ಸೆಕೆಂಡ್ ಬೇಕು. ಅಥ್ಲೆಟಿಕ್ಸ್‌ನಲ್ಲೂ 100 ಮೀಟರಿನ ಕೈಗಡಿಯಾರದ ಟೈಮನ್ನು ಎಲೆಕ್ಟ್ರಾನಿಕ್ ಟೈಮ್ ಜೊತೆ ಹೋಲಿಸುವಾಗ 0.24 ಸೆಕೆಂಡ್ ಸೇರಿಸೋ ರೂಢಿ ಇದೆ. ನಾವು ಅವನನ್ನು ಬಿಟ್ಟದ್ದು 0.2ಕ್ಕೆ!

ಅಳತೆ ಸರಿ ಇದ್ದರೂ ಲೆಕ್ಕ ದಾರಿ ತಪ್ಪಬಹುದು. 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಲ್ಲಿ ಓಡಿದ್ದು ನೆನಪಿದೆಯಲ್ಲ? ಭಾಗಾಕಾರ ಮಾಡಿ 100 ಮೀಟರ್‌ಗೆ 9.55, ಬೋಲ್ಟ್‌ನ 9.58ಕ್ಕಿಂತ ವೇಗ ಅಂತ ಎಲ್ಲರೂ ಷೇರ್ ಮಾಡಿದರು. ಕೋಣಗಳು ಎಳೆಯೋದನ್ನ ಪಕ್ಕಕ್ಕಿಡೋಣ. ಆ ಭಾಗಾಕಾರವೇ ಸರಿಯಿಲ್ಲ. ಓಟದಲ್ಲಿ ನಿಧಾನದ ಭಾಗ ಶುರುವಿನದು, ದೂರ ಹೆಚ್ಚಿದಷ್ಟೂ ಅದರ ಪಾಲು ಕಡಿಮೆ. ಬೋಲ್ಟ್ 2009ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ 150 ಮೀಟರನ್ನು 14.35ರಲ್ಲಿ ಓಡಿದ, ಅದರ ಕೊನೆಯ 100 ಮೀಟರ್ ಬರೀ 8.70! (ಕೆಸರುಗದ್ದೆಯಲ್ಲಿ ಬರಿಗಾಲಲ್ಲಿ ಹಾಗೆ ಓಡೋದು ನಮ್ಮಿಂದಂತೂ ಆಗಲ್ಲ, ಅದು ಬೇರೆ ಮಾತು.)

ಅಂದರೆ ಸ್ಪ್ರಿಂಟ್‌ನಲ್ಲಿ ಎರಡು ಬೇರೆ ಗುಣಗಳಿವೆ: ಎಷ್ಟು ಬೇಗ ವೇಗ ಏರಿಸ್ತೀವಿ, ಎಷ್ಟು ವೇಗಕ್ಕೆ ಮುಟ್ತೀವಿ. ಫುಟ್‌ಬಾಲ್, ಹಾಕಿಯಲ್ಲಿ ಹೆಚ್ಚಿನ ಓಟಗಳು 20 ಮೀಟರ್ ಒಳಗೇ ಮುಗಿಯುತ್ತವೆ. ಕಬಡ್ಡಿಯಲ್ಲಂತೂ ಇನ್ನೂ ಕಮ್ಮಿ. ಮೊದಲನೆಯದೇ ನಮಗೆ ಮುಖ್ಯ, ನಾವು ಅಳೆದದ್ದು ಎರಡನ್ನೂ ಕಲಸಿ.

ದಸರಾ ರಜೆಯಲ್ಲಿ ಅವನ ಮನೆಗೇ ಹೋದೆವು. ಸಕಲೇಶಪುರದ ಕಡೆ ಎಸ್ಟೇಟ್ ರಸ್ತೆಯಲ್ಲಿ ಸಮತಟ್ಟು ಜಾಗ ಹುಡುಕೋದೇ ದೊಡ್ಡ ಕೆಲಸ. ಸಿಕ್ಕಿದ್ದು ಕಾಫಿ ಒಣಗಿಸೋ ಕಣ ಮತ್ತು ಅದರ ಮುಂದಿನ ದಾರಿ. 0, 10, 20, 30 ಮೀಟರ್‌ಗೆ ಕೋಲು ನೆಟ್ಟು, ಫೋನನ್ನು ಪಕ್ಕದಲ್ಲಿ ಸ್ಟ್ಯಾಂಡ್ ಮೇಲೆ ಇಟ್ಟು, ಸೆಕೆಂಡಿಗೆ 240 ಫ್ರೇಮ್ ಸ್ಲೋ ಮೋಷನ್‌ನಲ್ಲಿ ಹಿಡಿದೆವು. ಒಂದು ಫ್ರೇಮ್ ಅಂದರೆ ಸುಮಾರು 0.004 ಸೆಕೆಂಡ್. ಕ್ಯಾಮೆರಾ ಓರೆಯಿಂದ ನೋಡೋದ್ರಿಂದ ಕೋಲನ್ನು ಸ್ವಲ್ಪ ಸರಿಸಿ ನೆಡಬೇಕು: ಕ್ಯಾಮೆರಾ, ಕೋಲು, ಗೆರೆ ಮೇಲಿರೋ ಸೊಂಟ ಮೂರೂ ಒಂದೇ ಸಾಲಿಗೆ ಬರಬೇಕು. ಇದು ಗೊತ್ತಾಗೋಕೆ ಅರ್ಧ ದಿನ ಹೋಯ್ತು, ಇಂಬಳಗಳಿಗೆ ಒಳ್ಳೆ ಊಟವೂ ಆಯ್ತು.

ಇಬ್ಬರೂ ಮೂರು ಮೂರು ಸಲ ಓಡಿದರು, ನಡುವೆ ಮೂರು ನಿಮಿಷ ರೆಸ್ಟ್. ಸುಸ್ತಲ್ಲಿ ಓಡಿದರೆ ಅಳೆಯೋದು ಸ್ಟಾಮಿನಾ, ಸ್ಪೀಡ್ ಅಲ್ಲ. ಒಳ್ಳೆ ಓಟದ ಟೈಮ್: ಇವನದು 10 ಮೀಟರ್‌ಗೆ 1.91, 30ಕ್ಕೆ 4.47. ಇನ್ನೊಬ್ಬನದು 2.03, 4.45. 30ರಲ್ಲಿ ಸಮ ಅಂತಲೇ ಹೇಳಬೇಕು. ಆದರೆ 10 ಮೀಟರಲ್ಲಿ ಇವನು ಮುಕ್ಕಾಲು ಮೀಟರಿನಷ್ಟು ಮುಂದೆ. ಬಾಲ್ ಯಾರ ಕಾಲಿಗೆ ಅಂತ ತೀರ್ಮಾನ ಆಗೋದು ಅಷ್ಟರಲ್ಲೇ.

ಕಾರಣ ಅವನ ಊರಿನ ಏರುದಾರಿ ಇರಬಹುದಾ? ಬರೀ ಇಬ್ಬರನ್ನು ನೋಡಿ ಹೌದು ಅನ್ನಲಾಗದು, ಆದರೆ ಫಿಸಿಕ್ಸ್ ಒಪ್ಪುತ್ತೆ. 10 ಮೀಟರ್‌ಗೆ 1 ಮೀಟರ್ ಏರುವ ದಾರಿಯಲ್ಲಿ 60 ಕೆಜಿ ಹುಡುಗನನ್ನು ಸುಮಾರು 59 ನ್ಯೂಟನ್ ಬಲ ಹಿಂದಕ್ಕೆಳೆಯುತ್ತೆ, 6 ಕೆಜಿ ತೂಕದಷ್ಟು. (ಸಕಲೇಶಪುರ ಘಾಟಿಯ ರೈಲು ಹತ್ತೋದು 50ಕ್ಕೆ 1 ಮಾತ್ರ, ಅದಕ್ಕೇ ಹೆಚ್ಚುವರಿ ಎಂಜಿನ್ ಬೇಕು!) ಮೈ ತಾನಾಗೇ ಮುಂದಕ್ಕೆ ಬಾಗುತ್ತೆ, ಪಾದ ನೆಲವನ್ನು ಹೆಚ್ಚು ಹೊತ್ತು ತಳ್ಳುತ್ತೆ. ಮೊದಲ ಹೆಜ್ಜೆಗಳಿಗೆ ಬೇಕಾದ್ದು ಇದೇ. ಟಾಪ್ ಸ್ಪೀಡ್‌ಗೆ ಮಾತ್ರ ಸಮತಟ್ಟು ನೆಲವೇ ಬೇಕು, ಏರಿನಲ್ಲಿ ಆ ವೇಗ ಬರೋದೇ ಇಲ್ಲ. ಇಳಿಯುವಾಗ ನಡೆದೇ ಇಳಿಯಿರಿ, ಪಾಚಿ ಕಟ್ಟಿದ ದಾರಿಯಲ್ಲಿ ನಮ್ಮಲ್ಲೊಬ್ಬ ಜಾರಿ ಒಂದು ವಾರ ಕುಂಟಿದ.

ಈಗ ನಾವು ವಾರಕ್ಕೆರಡು ಸಲ, ಹಾಸ್ಟೆಲ್ ಹಿಂದಿನ ಏರಿನಲ್ಲಿ 15 ಮೀಟರಿನ ಆರು ಓಟ ಓಡ್ತೀವಿ. ಆರು ವಾರಕ್ಕೊಮ್ಮೆ ಅದೇ ಕೋಲು, ಅದೇ ಫೋನ್, ಅದೇ ಶೂ. ಅವನಿಗೆ ಸಾರಿ ಹೇಳಿ ಟೀಮ್‌ಗೆ ಬಾ ಅಂದೆವು. "ಇಂಟರ್ನಲ್ಸ್ ಮುಗೀಲಿ, ನೋಡೋಣ" ಅಂದಿದ್ದಾನೆ.