ಉಳುಮೆಗೆ ಅಳಿಯದ ದಾರಿ: ಹೊಲಗಳ ನಡುವಿನ ಸಾರ್ವಜನಿಕ ಹಾದಿ ಮತ್ತು ಪಂಚಾಯಿತಿ ಸದಸ್ಯರ ಹೊಣೆ



‘ನಮ್ಮ ಹೊಲಕ್ಕೆ ಹೋಗುವ ದಾರಿಯನ್ನು ಉತ್ತುಬಿಟ್ಟಿದ್ದಾರೆ’ ಎಂಬ ಅಹವಾಲು ಗ್ರಾಮಸಭೆಗಳಲ್ಲಿ ಪದೇ ಪದೇ ಕೇಳಿಬರುತ್ತದೆ. ಅದನ್ನು ಇಬ್ಬರು ರೈತರ ಖಾಸಗಿ ಜಗಳವೆಂದು ಬದಿಗಿಡುವುದು ಸುಲಭ. ಆದರೆ ಆ ದಾರಿಯಾಚೆ ಇರುವವರ ಬಿತ್ತನೆ, ಗೊಬ್ಬರ, ಕೊಯ್ಲು ಎಲ್ಲವೂ ಅದರ ಮೇಲೆಯೇ ನಿಂತಿವೆ. ದಾರಿಯ ಬಗೆಯನ್ನು ಗುರುತಿಸುವುದು ಹೇಗೆ, ಯಾವ ಅಧಿಕಾರ ಯಾರಿಗಿದೆ, ವರ್ಷದ ಯಾವ ಕಾಲದಲ್ಲಿ ಕ್ರಮ ಕೈಗೊಳ್ಳಬೇಕು ಎಂಬ ಮೂರು ವಿಷಯಗಳನ್ನು ತಿಳಿಸುವುದು ಈ ಪಾಠದ ಉದ್ದೇಶ.

1. ದಾರಿ ಕಾಣೆಯಾಗುವ ಬಗೆ

ದಾರಿ ಒಂದೇ ದಿನದಲ್ಲಿ ಮುಚ್ಚಿಹೋಗುವುದು ಅಪರೂಪ. ಎತ್ತಿನ ಬೇಸಾಯದ ಕಾಲದಲ್ಲಿ ಬಂಡಿದಾರಿಯ ಅಂಚಿಗೆ ಬಂದಾಗ ನೇಗಿಲು ತಿರುಗುತ್ತಿತ್ತು. ಟ್ರ್ಯಾಕ್ಟರ್ ಬಂದ ಮೇಲೆ ಬದುವಿನಿಂದ ಬದುವಿಗೆ ಒಂದೇ ಓಟದಲ್ಲಿ ಉಳುವುದು ರೂಢಿಯಾಯಿತು. ವರ್ಷಕ್ಕೆ ಎರಡೂ ಬದಿಯಿಂದ ಒಂದೊಂದು ಅಡಿ ಒತ್ತಿದರೂ 10 ಅಡಿಯ ಬಂಡಿದಾರಿ ಐದು ವರ್ಷಗಳಲ್ಲಿ ಸಾಲಾಗುತ್ತದೆ. ಹಿಡುವಳಿದಾರನಿಗೂ ತಾನು ದಾರಿ ಮುಚ್ಚಿದೆನೆಂಬ ಭಾವನೆ ಇರುವುದಿಲ್ಲ. ಆದ್ದರಿಂದ ಮೊದಲ ಮಾತು ಆರೋಪದ ಮಾತಾಗಬಾರದು.

2. ಮೂರು ಬಗೆಯ ದಾರಿಗಳು

ಅ) ನಕಾಶೆ ದಾರಿ: ಗ್ರಾಮ ನಕಾಶೆಯಲ್ಲಿ ಗುರುತಿಸಲಾದ ಕಾಲುದಾರಿ, ಬಂಡಿದಾರಿ ಅಥವಾ ರಸ್ತೆ. ಕರ್ನಾಟಕ ಭೂ ಕಂದಾಯ ಅಧಿನಿಯಮ 1964ರ 67ನೇ ಪ್ರಕರಣದಂತೆ ಸಾರ್ವಜನಿಕ ರಸ್ತೆ, ಓಣಿ, ಹಾದಿಗಳು ಸರ್ಕಾರದ ಸ್ವತ್ತು. ಅವುಗಳ ಮೇಲಿನ ಸಾರ್ವಜನಿಕರ ಹಕ್ಕನ್ನು ರದ್ದುಪಡಿಸಲು 68ನೇ ಪ್ರಕರಣದಲ್ಲಿ ಪ್ರತ್ಯೇಕ ಕ್ರಮವಿದೆ. ಉಳುಮೆಯಿಂದಾಗಲಿ, ಪಂಚಾಯಿತಿಯ ಠರಾವಿನಿಂದಾಗಲಿ ಆ ಹಕ್ಕು ಅಳಿಯುವುದಿಲ್ಲ.

ಆ) ರೂಢಿ ದಾರಿ: ನಕಾಶೆಯಲ್ಲಿ ಇಲ್ಲದಿದ್ದರೂ ಬಹುಕಾಲದಿಂದ ಬಳಕೆಯಲ್ಲಿರುವುದು. ಭಾರತೀಯ ಅನುಭೋಗದ ಹಕ್ಕುಗಳ ಅಧಿನಿಯಮ 1882ರ 15ನೇ ಪ್ರಕರಣದಂತೆ 20 ವರ್ಷ ಶಾಂತಿಯುತವಾಗಿ, ಬಹಿರಂಗವಾಗಿ, ಹಕ್ಕೆಂದು, ಅಡ್ಡಿಯಿಲ್ಲದೆ ಬಳಸಿದ ದಾರಿಗೆ ಹಕ್ಕು ಪ್ರಾಪ್ತವಾಗುತ್ತದೆ. ಆ 20 ವರ್ಷಗಳ ಬಳಕೆಯು ದಾವೆ ಹೂಡುವುದಕ್ಕೆ ಹಿಂದಿನ 2 ವರ್ಷಗಳೊಳಗೆ ಮುಗಿದಿರಬೇಕು. ದಾರಿ ಮುಚ್ಚಿದ ಮೇಲೆ ವರ್ಷಗಟ್ಟಲೆ ಸುಮ್ಮನಿದ್ದವರ ಹಕ್ಕು ದುರ್ಬಲವಾಗುವುದು ಇದರಿಂದಲೇ.

ಇದೇ ಅಧಿನಿಯಮದ 13ನೇ ಪ್ರಕರಣವು ಅನಿವಾರ್ಯತೆಯ ದಾರಿಗೆ ಸಂಬಂಧಿಸಿದೆ. ಅಣ್ಣತಮ್ಮಂದಿರು ಜಮೀನು ಪಾಲು ಮಾಡಿಕೊಂಡಾಗ ಒಳಗಿನ ಪಾಲಿಗೆ ಬೇರೆ ದಾರಿಯೇ ಇಲ್ಲವಾದರೆ, ಹೊರಗಿನ ಪಾಲಿನ ಮೂಲಕ ದಾರಿ ದೊರೆಯಬೇಕು. ಪಕ್ಕದ ಅನ್ಯರ ಹೊಲ ಹತ್ತಿರವೆಂಬ ಕಾರಣಕ್ಕೆ ಅಲ್ಲಿ ದಾರಿ ಕೇಳಲು ಈ ಪ್ರಕರಣದಡಿ ಬರುವುದಿಲ್ಲ.

ಇ) ಅನುಮತಿಯ ದಾರಿ: ಹಿಡುವಳಿದಾರನು ವಿಶ್ವಾಸದಿಂದ ಬಿಟ್ಟುಕೊಟ್ಟದ್ದು. ಇದು ಹಕ್ಕಲ್ಲ. ಇಲ್ಲಿ ಮನವೊಲಿಕೆಯೊಂದೇ ಉಪಾಯ.

3. ದಾಖಲೆ ಓದುವಾಗ ನೆನಪಿಡಬೇಕಾದ ಲೆಕ್ಕ

ಗ್ರಾಮ ನಕಾಶೆಯಲ್ಲಿ ಸಾಮಾನ್ಯವಾಗಿ ಕಾಲುದಾರಿಯನ್ನು ಒಂಟಿ ತುಂಡುಗೆರೆಯಿಂದ, ಬಂಡಿದಾರಿಯನ್ನು ಜೋಡಿ ತುಂಡುಗೆರೆಯಿಂದ ತೋರಿಸಿರುತ್ತಾರೆ. ನಕಾಶೆಯ ಚಿಹ್ನೆಪಟ್ಟಿಯೊಡನೆ ತಾಳೆ ನೋಡಬೇಕು. ಪಹಣಿಯಲ್ಲಿ ಖರಾಬು ವಿಸ್ತೀರ್ಣವನ್ನೂ ಗಮನಿಸಬೇಕು. ‘ಅ’ ಖರಾಬು ಎಂದರೆ ಸಾಗುವಳಿಗೆ ಬಾರದ ನೆಲ. ‘ಬ’ ಖರಾಬು ಎಂದರೆ ದಾರಿ, ಹಳ್ಳ ಮೊದಲಾದ ಸಾರ್ವಜನಿಕ ಉದ್ದೇಶಕ್ಕೆ ಬಿಟ್ಟ ನೆಲ.

ಒಂದು ಗುಂಟೆಗೆ 1,089 ಚದರ ಅಡಿ. ಒಂದು ಸರ್ವೆ ನಂಬರಿನಲ್ಲಿ ದಾರಿಯ ಉದ್ದ 660 ಅಡಿ, ‘ಬ’ ಖರಾಬು 6 ಗುಂಟೆ ಇದ್ದರೆ ದಾರಿಯ ಅಗಲ ಸುಮಾರು 10 ಅಡಿ ಇರಬೇಕೆಂದು ಅಂದಾಜಿಸಬಹುದು. ಅದೇ ನಂಬರಿನಲ್ಲಿ ಹಳ್ಳವೂ ಇದ್ದರೆ ಈ ಅಂದಾಜು ನಿಲ್ಲುವುದಿಲ್ಲ.

ಆದರೆ ನಕಾಶೆಯ ಮೇಲೆ ಅಳತೆಪಟ್ಟಿ ಇಟ್ಟು ಅಗಲ ತೆಗೆಯಬಾರದು. ನಮ್ಮ ಅನೇಕ ಗ್ರಾಮ ನಕಾಶೆಗಳ ಪ್ರಮಾಣ 1:7920. ಅಂದರೆ ಕಾಗದದ ಮೇಲಿನ ಒಂದು ಮಿಲಿಮೀಟರ್ ನೆಲದ ಮೇಲೆ ಸುಮಾರು 26 ಅಡಿ. ಅರ್ಧ ಮಿಲಿಮೀಟರ್ ದಪ್ಪದ ಪೆನ್ಸಿಲ್ ಗೆರೆಯೇ 13 ಅಡಿ ನೆಲವನ್ನು ಮುಚ್ಚಿಬಿಡುತ್ತದೆ. ನಕಾಶೆಯು ದಾರಿ ಇದೆಯೆಂದು ಹೇಳುತ್ತದೆ. ಅದು ನಿಖರವಾಗಿ ಎಲ್ಲಿದೆಯೆಂದು ಹೇಳಬೇಕಾದವರು ಟಿಪ್ಪಣಿ ಹಿಡಿದು ಅಳೆಯುವ ಭೂಮಾಪಕರು.

4. ನನ್ನದೇ ಒಂದು ತಪ್ಪು

ಈ ಲೆಕ್ಕವನ್ನು ನಾನು ಕಲಿತದ್ದು ತಪ್ಪು ಮಾಡಿದ ಮೇಲೆ. ನಾನು ಸೇವೆಗೆ ಸೇರಿದ ಆರಂಭದ ವರ್ಷಗಳಲ್ಲಿ ವಿಧವೆಯೊಬ್ಬರು ಕಚೇರಿಗೆ ಬಂದರು. ಬಂಡಿದಾರಿಯಾಚೆ ಅವರಿಗೆ ಎರಡು ಎಕರೆ ಇತ್ತು. ದಾರಿ ಉಳುಮೆಯಾಗಿ ಜೋಳ ಎದ್ದಿತ್ತು. ಹಿಂದಿನ ವರ್ಷ ಮುಂದಿನ ಹೊಲದವರ ಕೊಯ್ಲು ಮುಗಿಯುವವರೆಗೆ ಅವರು ಕೊಯ್ದ ತೊಗರಿಯನ್ನು ಹೊಲದಲ್ಲೇ ಬಿಡಬೇಕಾಯಿತು. ಅಷ್ಟರಲ್ಲಿ ಮಳೆಗೆ ಸಿಕ್ಕಿ ಅದು ಹಾಳಾಗಿತ್ತು.

ಎಂಜಿನಿಯರಿಂಗ್ ಓದಿದವನೆಂಬ ಧೈರ್ಯದಿಂದ ನಾನು ನಕಾಶೆಯ ಪ್ರತಿಯನ್ನು ಹಿಗ್ಗಿಸಿ, ಮೊಬೈಲ್ ನಕ್ಷೆಯ ಮೇಲೆ ಹೊಂದಿಸಿ, ದಾರಿಯ ಗೆರೆಯನ್ನು ನಾನೇ ಗುರುತಿಸಿದೆ. ಅಳತೆಗೆ ಅರ್ಜಿ ಹಾಕಲಿಲ್ಲ. ಜೆಸಿಬಿ ತರಿಸಿ ಕೆಲಸ ಆರಂಭಿಸಿದೆವು. ಹಿಡುವಳಿದಾರರು ತಡೆದರು. ಬಳಿಕ ಭೂಮಾಪಕರು ಬಂದು ಅಳೆದಾಗ ನನ್ನ ಗೆರೆ 20 ಅಡಿಗೂ ಹೆಚ್ಚು ಸರಿದಿತ್ತು. ನಾಶವಾದ ಜೋಳದ ಸಾಲುಗಳು ಅವರ ಸ್ವಂತ ಜಮೀನಿನವಾಗಿದ್ದವು. ದಾರಿ ಇದ್ದದ್ದು ನಿಜವಾಗಿದ್ದರೂ ತಪ್ಪು ನಮ್ಮದಾಯಿತು. ಆ ಮನಸ್ತಾಪದಿಂದ ದಾರಿ ಇನ್ನೊಂದು ಹಂಗಾಮು ಮುಚ್ಚಿಯೇ ಉಳಿಯಿತು. ನಷ್ಟ ಅನುಭವಿಸಿದವರು ಮತ್ತೆ ಅದೇ ಮಹಿಳೆ.

ಮರುವರ್ಷ ಬೇಸಿಗೆಯಲ್ಲಿ, ಹೊಲ ಬರಿದಾಗಿದ್ದಾಗ, ಎಲ್ಲ ಬಾಜುದಾರರ ಸಮ್ಮುಖದಲ್ಲಿ ಅಳತೆ ನಡೆಯಿತು. ಹಿಂದೆ ತಡೆದಿದ್ದ ಹಿರಿಯರೇ ಮೊದಲ ಕಲ್ಲು ನೆಡಲು ಗುಂಡಿ ತೋಡಿದರು. ‘ಸರಿಯಾದ ಜಾಗ ತೋರಿಸಿದ್ದರೆ ಆಗಲೇ ಬಿಡುತ್ತಿದ್ದೆ ಸಾಹೇಬರೇ’ ಎಂದರು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

5. ಅಧಿಕಾರ ಮತ್ತು ಕಾಲಮಿತಿ

ನಕಾಶೆ ದಾರಿಯ ಒತ್ತುವರಿ ತೆರವಿನ ಕ್ರಮ ಕಂದಾಯ ಅಧಿಕಾರಿಗಳದ್ದು. ಹೊಲದ ದಾರಿಗಳನ್ನು ತೆರವುಗೊಳಿಸುವ ಕುರಿತು ಕಂದಾಯ ಇಲಾಖೆಯು 2023ರಲ್ಲಿ ತಹಶೀಲ್ದಾರರಿಗೆ ಸುತ್ತೋಲೆಯನ್ನೂ ನೀಡಿದೆ. ದಾರಿ ಬಳಕೆಯ ವಿವಾದದಿಂದ ಶಾಂತಿಭಂಗದ ಸಂಭವವಿದ್ದರೆ, ಕಾರ್ಯನಿರ್ವಾಹಕ ದಂಡಾಧಿಕಾರಿಗಳು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 166ನೇ ಪ್ರಕರಣದಡಿ (ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 147) ವಿಚಾರಣೆ ನಡೆಸಿ, ಅಡ್ಡಿಪಡಿಸದಂತೆ ಆದೇಶಿಸಬಹುದು.

ಇಲ್ಲೊಂದು ಮುಖ್ಯ ಷರತ್ತಿದೆ. ವರ್ಷವಿಡೀ ಬಳಸುವ ದಾರಿಯಾದರೆ, ದಂಡಾಧಿಕಾರಿಗಳಿಗೆ ಮಾಹಿತಿ ತಲುಪುವ ಮುಂಚಿನ 3 ತಿಂಗಳೊಳಗೆ ಅದರ ಬಳಕೆ ಆಗಿರಬೇಕು. ಹಂಗಾಮಿನಲ್ಲಿ ಮಾತ್ರ ಬಳಸುವ ದಾರಿಯಾದರೆ ಹಿಂದಿನ ಹಂಗಾಮಿನಲ್ಲಿ ಬಳಸಿರಬೇಕು. ‘ಸುಗ್ಗಿ ಮುಗಿಯಲಿ, ನೋಡೋಣ’ ಎಂದು ನಾವು ಹೇಳಿ ಕಳುಹಿಸುವ ಅರ್ಜಿದಾರನ ಕೈಯಿಂದ ಈ ಪರಿಹಾರವೇ ಜಾರಿಹೋಗಬಹುದು. ಅರ್ಜಿಗೆ ದಿನಾಂಕ ಸಹಿತ ಸ್ವೀಕೃತಿ ನೀಡಿ, ಕೂಡಲೇ ತಹಶೀಲ್ದಾರರಿಗೆ ಕಳುಹಿಸಬೇಕು. ರೂಢಿ ದಾರಿಯ ಹಕ್ಕನ್ನು ಅಂತಿಮವಾಗಿ ನಿರ್ಣಯಿಸುವುದು ಸಿವಿಲ್ ನ್ಯಾಯಾಲಯವೇ ಹೊರತು ಪಂಚಾಯಿತಿಯಲ್ಲ.

6. ಉಳುಮೆಯೂ ಉಳಿಯಲಿ, ದಾರಿಯೂ ಉಳಿಯಲಿ

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಈ ಸಮಸ್ಯೆಗೆ 1980ರ ಹೆದ್ದಾರಿ ಕಾಯ್ದೆ ಮತ್ತು 1990ರ ದಾರಿ ಹಕ್ಕು ಕಾಯ್ದೆಗಳು ಸರಳ ಸೂತ್ರವೊಂದನ್ನು ಕೊಟ್ಟಿವೆ. ಹೊಲದ ಅಂಚಿನ ಸಾರ್ವಜನಿಕ ಕಾಲುದಾರಿಯನ್ನು ಉಳುವಂತಿಲ್ಲ. ಹೊಲದ ನಡುವೆ ಹಾಯ್ದ ಕಾಲುದಾರಿಯನ್ನು ತಪ್ಪಿಸಿ ಉಳುವುದು ಕಷ್ಟವಾದರೆ ಉಳಬಹುದು. ಆದರೆ ಮೊದಲ ಉಳುಮೆಯಾದ 14 ದಿನಗಳೊಳಗೆ, ಅದೇ ಬೆಳೆಗಾಗಿ ಮುಂದೆ ಮಾಡುವ ಕೆಲಸಗಳಾದರೆ 24 ಗಂಟೆಗಳೊಳಗೆ, ನೆಲ ಸಮಮಾಡಿ ಗೆರೆ ಕಾಣುವಂತೆ ಮಾಡಬೇಕು. ಅದರ ಮೇಲೆ ಬೆಳೆ ಬೆಳೆದು ಅಡ್ಡಿಯಾಗಬಾರದು.

ಇದು ನಮ್ಮ ಕಾನೂನಲ್ಲ. ಆದರೂ ನಕಾಶೆಯ ಕಾಲುದಾರಿಯ ವಿಷಯದಲ್ಲಿ ರಾಜಿಪತ್ರ ಬರೆಯುವಾಗ ‘ಉತ್ತರೆ ಇಷ್ಟು ದಿನಗಳೊಳಗೆ ಕುಂಟೆ ಹೊಡೆದು ದಾರಿ ಬಿಡತಕ್ಕದ್ದು’ ಎಂಬ ಒಂದು ಸಾಲು ಸೇರಿಸಿದರೆ ಮುಂದಿನ ಜಗಳ ತಪ್ಪುತ್ತದೆ. ಬಂಡಿದಾರಿಗೆ ಇದು ಸಾಲದು. ಅದನ್ನು ಉಳದೆಯೇ ಬಿಡಬೇಕು.

7. ಸದಸ್ಯರು ಅನುಸರಿಸಬಹುದಾದ ಕ್ರಮ

- ಕೊಯ್ಲಿನ ನಂತರ, ಮುಂಗಾರಿನ ಮೊದಲು, ತಮ್ಮ ಕ್ಷೇತ್ರದ ನಕಾಶೆ ದಾರಿಗಳನ್ನು ಗ್ರಾಮ ಆಡಳಿತ ಅಧಿಕಾರಿಯೊಡನೆ ನಡೆದು ನೋಡುವುದು.
- ಮುಚ್ಚಿದ ದಾರಿಗಳನ್ನು ಸರ್ವೆ ನಂಬರ್ ಸಹಿತ ಪಟ್ಟಿಮಾಡಿ ಗ್ರಾಮಸಭೆಯಲ್ಲಿ ಓದುವುದು.
- ತಹಶೀಲ್ದಾರರ ಮೂಲಕ ಅಳತೆ ಕೋರಿ, ಬಾಜುದಾರರೆಲ್ಲರೂ ಹಾಜರಿರುವಂತೆ ನೋಡಿಕೊಳ್ಳುವುದು.
- ಗುರುತಿನ ಕಲ್ಲುಗಳನ್ನು ಅಂದೇ ನೆಡಿಸಿ ಫೋಟೊ ತೆಗೆದು ಕಡತದಲ್ಲಿಡುವುದು.
- ಅಳತೆಯಾಗದ ಗೆರೆಯ ಮೇಲೆ ಯಾವ ಯೋಜನೆಯಡಿಯೂ ರಸ್ತೆ ಕಾಮಗಾರಿ ಆರಂಭಿಸದಿರುವುದು.
- ನಿಂತ ಬೆಳೆಯ ಮೇಲೆ ಯಂತ್ರ ಹಾಯಿಸದಿರುವುದು. ತುರ್ತಿದ್ದರೆ ಆ ಹಂಗಾಮಿಗೆ ತಾತ್ಕಾಲಿಕ ಹಾದಿಯನ್ನು ಒಪ್ಪಿಗೆಯಿಂದ ಪಡೆಯುವುದು.

ದಾರಿ ಬಿಡಿಸಿಕೊಡಲು ಕೇಳುವವರು ಹೆಚ್ಚಾಗಿ ಒಳಹೊಲದ ಸಣ್ಣ ಹಿಡುವಳಿದಾರರು. ದಾವೆ ಹೂಡುವ ಶಕ್ತಿ ಅವರಿಗಿರುವುದಿಲ್ಲ. ದಾರಿ ಸಿಗದವನು ಕೊನೆಗೆ ಹೊಲವನ್ನು ಬೀಳು ಬಿಡುತ್ತಾನೆ, ಇಲ್ಲವೇ ದಾರಿ ಮುಚ್ಚಿದವನಿಗೇ ಕಡಿಮೆ ಬೆಲೆಗೆ ಮಾರುತ್ತಾನೆ. ಸಕಾಲದಲ್ಲಿ ಹಾಕಿದ ಒಂದು ಅಳತೆಯ ಅರ್ಜಿ ಅದನ್ನು ತಡೆಯಬಲ್ಲದು.

ಚರ್ಚೆಗೆ

1) ನಿಮ್ಮ ಕ್ಷೇತ್ರದ ನಕಾಶೆಯಲ್ಲಿ ಎಷ್ಟು ಬಂಡಿದಾರಿಗಳಿವೆ? ಅವುಗಳಲ್ಲಿ ಇಂದು ಬಂಡಿ ಹೋಗುವಂಥವು ಎಷ್ಟು?
2) ಕಳೆದ ವರ್ಷ ಬಂದ ದಾರಿ ಅರ್ಜಿಗಳು ತಹಶೀಲ್ದಾರರಿಗೆ ತಲುಪಲು ಎಷ್ಟು ದಿನ ಹಿಡಿಯಿತು?
3) ಮುಂಗಾರಿನ ಮೊದಲು ಅಳತೆ ಮಾಡಿಸಬೇಕಾದ ಮೊದಲ ದಾರಿ ಯಾವುದು?